ಡೀಸೆಲ್ ಎಂಜಿನ್ನಿಗೆ ಎಲ್‌ಪಿಜಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ಮೆಕ್ಯಾನಿಕಲ್ ಪಂಪ್ ಮತ್ತು ಟರ್ಬೋ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ವಾಹನ. ಸಾಮಾನು ತುಂಬಿಕೊಂಡು ಏರು ಹತ್ತುವಾಗ ಎಳೆತ ಸಾಲುವುದಿಲ್ಲ. ಗಾಳಿಯ ಕೊಳವೆಗೆ ಸ್ವಲ್ಪ ಎಲ್‌ಪಿಜಿ ಬಿಟ್ಟರೆ ಅದು ವೇಗವರ್ಧಕದಂತೆ ಕೆಲಸ ಮಾಡಿ, ಸುಡದೆ ಉಳಿಯುವ ಡೀಸೆಲನ್ನೂ ಸುಡಿಸಿ, ಶಕ್ತಿಯನ್ನೂ ಮೈಲೇಜನ್ನೂ ಹೆಚ್ಚಿಸುತ್ತದೆಂದು ಕಿಟ್ ಮಾರುವವರು ಹೇಳುತ್ತಾರೆ. ಇದು ನಿಜವೇ? ಎಂಜಿನ್ನಿಗೆ ತೊಂದರೆಯಿಲ್ಲವೇ?

ಉತ್ತರ: ಎಳೆತ ಹೆಚ್ಚುವುದು ನಿಜ. ಅದಕ್ಕೆ ಅವರು ಕೊಡುವ ಕಾರಣವನ್ನು ಮಾತ್ರ ಒಪ್ಪಲಾಗದು. ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ ತನ್ನೊಳಗೆ ಬಿದ್ದ ಇಂಧನದ ಶೇ. 98ಕ್ಕೂ ಹೆಚ್ಚು ಪಾಲನ್ನು ತಾನೇ ಸುಟ್ಟು ಮುಗಿಸುತ್ತದೆ. ಸೈಲೆನ್ಸರಿನ ಕಪ್ಪು ಹೊಗೆ ಕಣ್ಣಿಗೆ ಎಷ್ಟೇ ದಟ್ಟವಾಗಿ ಕಂಡರೂ ತೂಕದಲ್ಲಿ ಅದು ಅತ್ಯಲ್ಪ ಇಂಗಾಲ. ಆದ್ದರಿಂದ ಸುಡದೆ ಉಳಿದ ಡೀಸೆಲಿನಿಂದ ಮರಳಿ ಪಡೆಯಬಹುದಾದದ್ದು ನೂರಕ್ಕೆ ಒಂದೆರಡು ಪಾಲು ಮಾತ್ರ. ಕಿಟ್ಟಿನ ಜಾಹೀರಾತು ಹೇಳುವಷ್ಟು ಶಕ್ತಿ ಅಲ್ಲಿ ಇಲ್ಲವೇ ಇಲ್ಲ. ಎಲ್‌ಪಿಜಿ ಸ್ವತಃ ಒಂದು ಇಂಧನ. ಡೀಸೆಲ್ ಕಿಲೋಗೆ ಸುಮಾರು 43 ಮೆಗಾಜೂಲ್ ಶಾಖ ಕೊಟ್ಟರೆ ಎಲ್‌ಪಿಜಿ ಸುಮಾರು 46 ಮೆಗಾಜೂಲ್ ಕೊಡುತ್ತದೆ. ನಿಮಗೆ ಏರಿನಲ್ಲಿ ಸಿಗುವ ಹೆಚ್ಚಿನ ಎಳೆತವೆಲ್ಲ ಈ ಎರಡನೆಯ ಇಂಧನದ ಶಾಖವೇ. ಪಂಪಿನ ಸ್ಕ್ರೂ ತಿರುಗಿಸಿ ಅಷ್ಟೇ ಶಾಖದ ಡೀಸೆಲನ್ನು ಹೆಚ್ಚುವರಿಯಾಗಿ ಬಿಟ್ಟಿದ್ದರೂ ಎಳೆತ ಹೆಚ್ಚುತ್ತಿತ್ತು, ಹೊಗೆ ಮಾತ್ರ ಇನ್ನಷ್ಟು ಕಪ್ಪಾಗುತ್ತಿತ್ತು. ಹೀಗಾಗಿ ಗ್ಯಾಸ್ ಕಿಟ್ಟನ್ನು ಎಂಜಿನ್ನಿನ ಇಂಧನ ಹೆಚ್ಚಿಸುವ ಉಪಾಯವೆಂದೇ ಪರಿಗಣಿಸಿ, ಇಂಧನ ಹೆಚ್ಚಿಸುವಾಗ ಯಾವ ಮಿತಿಗಳನ್ನು ನೋಡುತ್ತೇವೋ ಅವನ್ನೆಲ್ಲ ಇಲ್ಲಿಯೂ ನೋಡಬೇಕು.

ಜೊತೆಗೆ ಗ್ಯಾಸಿಗೇ ವಿಶಿಷ್ಟವಾದ ಒಂದು ಮಿತಿಯೂ ಇದೆ. ಡೀಸೆಲ್ ಎಂಜಿನ್ ಬರಿಯ ಗಾಳಿಯನ್ನು ಹೀರಿ ಒತ್ತುತ್ತದೆ; ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಬಿಸಿಯಾಗಿರುವಾಗ ಇಂಜೆಕ್ಟರ್ ಡೀಸೆಲನ್ನು ಸಿಂಪಡಿಸುತ್ತದೆ, ಸುಮಾರು 210 ಡಿಗ್ರಿಯಲ್ಲೇ ತಾನಾಗಿ ಹೊತ್ತಿಕೊಳ್ಳುವ ಗುಣದ ಡೀಸೆಲ್ ಕೂಡಲೇ ಉರಿಯತೊಡಗುತ್ತದೆ. ಸಿಂಪಡಿಕೆ ನಡೆದಷ್ಟು ಹೊತ್ತು ಉರಿ ನಡೆಯುತ್ತದೆ. ಉರಿಯ ವೇಗ ಬಹುಮಟ್ಟಿಗೆ ಇಂಜೆಕ್ಟರಿನ ಹಿಡಿತದಲ್ಲಿರುತ್ತದೆ. ಎಲ್‌ಪಿಜಿಯ ಮುಖ್ಯ ಘಟಕವಾದ ಪ್ರೊಪೇನ್ ತಾನಾಗಿ ಹೊತ್ತಿಕೊಳ್ಳಲು ಸುಮಾರು 470 ಡಿಗ್ರಿ ಬೇಕು, ಅದರಲ್ಲೂ ಅದು ನಿಧಾನ; ಡೀಸೆಲಿನ ಜ್ವಾಲೆಯೇ ಅದಕ್ಕೆ ಬೆಂಕಿಕಡ್ಡಿ. ಆದರೆ ಗ್ಯಾಸ್ ಗಾಳಿಯೊಡನೆ ಮೊದಲೇ ಬೆರೆತು ಸಿಲಿಂಡರಿನ ಮೂಲೆಮೂಲೆಗೂ ಹರಡಿಕೊಂಡಿರುವುದರಿಂದ, ಒಮ್ಮೆ ಉರಿ ತಗುಲಿದ ಮೇಲೆ ಅದನ್ನು ತಡೆದು ನಿಲ್ಲಿಸುವ ಸಾಧನ ಯಾವುದೂ ಇಲ್ಲ. ಪ್ರಮಾಣ ಮಿತಿಮೀರಿದರೆ, ಅಥವಾ ಹೊರೆ, ಟರ್ಬೋ ಒತ್ತಡ ಮತ್ತು ಹೀರುವ ಗಾಳಿಯ ಬಿಸಿ ಮೂರೂ ಒಟ್ಟಿಗೆ ಏರಿದರೆ, ಜ್ವಾಲೆ ತಲುಪುವ ಮೊದಲೇ ಮೂಲೆಯ ಗ್ಯಾಸ್ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ರಿಂಗುಗಳ ನಡುವಿನ ಪಿಸ್ಟನ್ ಭಾಗ ಒಡೆಯುವುದು, ಹೆಡ್ ಗ್ಯಾಸ್ಕೆಟ್ ಸೀಳುವುದು, ಕನೆಕ್ಟಿಂಗ್ ರಾಡಿನ ಬೇರಿಂಗ್ ಜಜ್ಜುವುದು ಇದರ ಫಲ. ಪೆಟ್ರೋಲ್ ಎಂಜಿನ್ನಿನಲ್ಲಿ ನಾಕಿಂಗ್ ಕಿವಿಗೆ ಬೀಳುತ್ತದೆ; ಡೀಸೆಲಿನ ಸಹಜ ಕಟಕಟ ಸದ್ದಿನೊಳಗೆ ಅದು ಅಡಗಿಹೋಗುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಿ.

ಪ್ರಮಾಣದ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. ಹೀರುವ ಗಾಳಿಯಲ್ಲಿ ಗಾತ್ರದಲ್ಲಿ ಕೇವಲ ಶೇ. 1ರಷ್ಟು ಪ್ರೊಪೇನ್ ಸೇರಿತೆಂದುಕೊಳ್ಳಿ. ಒಂದು ಘನ ಮೀಟರ್ ಗಾಳಿಗೆ ಅದು ಸುಮಾರು 19 ಗ್ರಾಂ, ಶಾಖದಲ್ಲಿ ಸುಮಾರು 0.86 ಮೆಗಾಜೂಲ್. ಪೂರ್ಣ ಹೊರೆಯಲ್ಲಿ, ಅಗತ್ಯಕ್ಕಿಂತ ಶೇ. 40ರಷ್ಟು ಹೆಚ್ಚು ಗಾಳಿ ಇರುವಂತೆ ಹೊಂದಿಸಿದ ಎಂಜಿನ್ ಅಷ್ಟೇ ಗಾಳಿಗೆ ಬಳಸುವ ಡೀಸೆಲಿನ ಶಾಖ ಸುಮಾರು 2.5 ಮೆಗಾಜೂಲ್. ಅಂದರೆ ನೂರಕ್ಕೆ ಒಂದು ಪಾಲು ಗ್ಯಾಸ್ ಇಂಧನವನ್ನು ಮೂರನೇ ಒಂದು ಭಾಗದಷ್ಟು ಹೆಚ್ಚಿಸುತ್ತದೆ, ಮಿಕ್ಕಿದ್ದ ಗಾಳಿಯನ್ನೆಲ್ಲ ಬಹುತೇಕ ತಿಂದುಹಾಕುತ್ತದೆ. ಸೂಜಿ ಕವಾಟವನ್ನು ಅರ್ಧ ಸುತ್ತು ತಿರುಗಿಸಿ ಹೊಂದಿಸಿಬಿಡುವ ಕಿಟ್ಟುಗಳನ್ನು ನಾನು ಒಪ್ಪದಿರುವುದು ಈ ಕಾರಣಕ್ಕೇ. ಅವುಗಳಲ್ಲಿ ಗ್ಯಾಸಿನ ಹರಿವು ಎಂಜಿನ್ನಿನ ಹೊರೆಯನ್ನು ಅನುಸರಿಸುವುದಿಲ್ಲ.

ಹೊರೆಯನ್ನು ಏಕೆ ಅನುಸರಿಸಬೇಕೆಂದರೆ, ಗ್ಯಾಸ್ ಕಡಿಮೆ ಹೊರೆಯಲ್ಲಿಯೂ ಚೆನ್ನಾಗಿ ಕೆಲಸ ಮಾಡುವುದಿಲ್ಲ. ಡೀಸೆಲ್ ಎಂಜಿನ್ನಿಗೆ ಗಾಳಿಯನ್ನು ಅಳೆದು ಬಿಡುವ ಥ್ರಾಟಲ್ ಇಲ್ಲದ ಕಾರಣ ಐಡ್ಲಿಂಗಿನಲ್ಲೂ ಸಿಲಿಂಡರ್ ತುಂಬ ಗಾಳಿ ಇರುತ್ತದೆ. ಪ್ರೊಪೇನ್ ಸಾಮಾನ್ಯ ಗಾಳಿಯಲ್ಲಿ ಶೇ. 2.1ಕ್ಕಿಂತ ತೆಳುವಾದರೆ ಜ್ವಾಲೆ ಹಬ್ಬುವುದಿಲ್ಲ. ಒತ್ತಡ ಮತ್ತು ಬಿಸಿಯಲ್ಲಿ ಈ ಮಿತಿ ಸಡಿಲವಾದರೂ, ಸಣ್ಣ ಡೀಸೆಲ್ ಜ್ವಾಲೆಯ ನೆರೆಯಲ್ಲಿದ್ದಷ್ಟು ಗ್ಯಾಸ್ ಮಾತ್ರ ಉರಿದು ಉಳಿದದ್ದು ಸೈಲೆನ್ಸರಿನಿಂದ ಹಾಗೆಯೇ ಹೊರಹೋಗುತ್ತದೆ. ಆದ್ದರಿಂದ ಕಡಿಮೆ ಹೊರೆಯಲ್ಲಿ ಪೂರ್ತಿ ಮುಚ್ಚಿ, ಮಧ್ಯಮ ಹೊರೆಯಲ್ಲಿ ತೆರೆದು, ಪೂರ್ಣ ಹೊರೆ ಸಮೀಪಿಸಿದಂತೆ ಮತ್ತೆ ಹಿಡಿದುಕೊಳ್ಳುವ ವ್ಯವಸ್ಥೆ ಬೇಕು. ಟರ್ಬೋ ಒತ್ತಡ, ಎಂಜಿನ್ ವೇಗ ಮತ್ತು ನಿಷ್ಕಾಸದ ಬಿಸಿಯನ್ನು ನೋಡಿ ಗ್ಯಾಸ್ ಅಳೆಯುವ ವಿದ್ಯುನ್ಮಾನ ಕಿಟ್ ಇದನ್ನು ಮಾಡಬಲ್ಲದು.

ನಿಮ್ಮ ವಾಹನದ ವಿಷಯಕ್ಕೆ ಬಂದರೆ, ಮೊದಲು ಏರ್ ಫಿಲ್ಟರ್, ಟರ್ಬೋದಿಂದ ಎಂಜಿನ್ನಿನವರೆಗಿನ ಕೊಳವೆಗಳ ಸೋರಿಕೆ, ಇಂಜೆಕ್ಟರುಗಳ ಸಿಂಪಡಿಕೆ, ಪಂಪಿನ ಟೈಮಿಂಗ್ ಇವನ್ನು ಪರೀಕ್ಷೆ ಮಾಡಿಸಿ. ಹಳೆಯ ಎಂಜಿನ್ನುಗಳಲ್ಲಿ ಎಳೆತ ಕುಂದುವುದು ಬಹಳ ಸಲ ಇವುಗಳಿಂದಲೇ. ಇಂಜೆಕ್ಟರ್ ಸರಿಯಿಲ್ಲದ ಎಂಜಿನ್ನಿಗೆ ಗ್ಯಾಸ್ ಸೇರಿಸುವುದು ರೋಗದ ಮೇಲೆ ಭಾರ ಹೇರಿದಂತೆ. ಎಲ್ಲವೂ ಸರಿಯಿದ್ದೂ ಗ್ಯಾಸ್ ಬೇಕೆನಿಸಿದರೆ ಟರ್ಬೋಗಿಂತ ಮುಂಚೆ, ನಿಷ್ಕಾಸ ಕೊಳವೆಯಲ್ಲಿ ಬಿಸಿ ಅಳೆಯುವ ಮೀಟರನ್ನು ಕೂರಿಸದೆ ಕಿಟ್ ಹಾಕಿಸಬೇಡಿ. ಅಲ್ಲಿನ ಬಿಸಿ 700 ಡಿಗ್ರಿಯ ಸಮೀಪಕ್ಕೆ ಬಂದು ನಿಂತರೆ ಕಾಲು ತೆಗೆಯಬೇಕು. ಹಾಗೆಂದು ಈ ಮೀಟರ್ ನಾಕಿಂಗನ್ನು ತೋರಿಸದು; ಬಿಸಿ ಮಿತಿಯೊಳಗಿರುವಾಗಲೂ ನಾಕಿಂಗ್ ನಡೆಯಬಹುದು, ಅದಕ್ಕಿರುವ ರಕ್ಷಣೆ ಗ್ಯಾಸಿನ ಪ್ರಮಾಣವನ್ನು ಅಳತೆಯಲ್ಲಿಡುವುದೊಂದೇ. ಸಿಗುವುದಾದರೆ ಬ್ಯೂಟೇನ್ ಕಡಿಮೆಯಿರುವ ಗ್ಯಾಸ್ ಉತ್ತಮ, ಏಕೆಂದರೆ ನಾಕಿಂಗನ್ನು ತಡೆಯುವ ಗುಣವನ್ನು ಸೂಚಿಸುವ ಆಕ್ಟೇನ್ ಸಂಖ್ಯೆ ಪ್ರೊಪೇನಿನದು 110ರ ಆಸುಪಾಸಿನಲ್ಲಿದ್ದರೆ ಬ್ಯೂಟೇನಿನದು 90ರ ಆಸುಪಾಸಿಗೆ ಇಳಿಯುತ್ತದೆ. ಮರಳಿನಲ್ಲಿ, ಕೆಸರಿನಲ್ಲಿ, ಲೋ ರೇಂಜಿನಲ್ಲಿ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಹೆಚ್ಚುವರಿ ಗೇರಿನಲ್ಲಿ) ನಿಧಾನವಾಗಿ ಎಳೆಯುವಾಗ ಗ್ಯಾಸಿನ ಸ್ವಿಚ್ ಆರಿಸಿಬಿಡಿ. ರೇಡಿಯೇಟರಿಗೆ ಗಾಳಿ ಸಾಲದ ಆ ಸ್ಥಿತಿಯಲ್ಲಿ ಹೆಚ್ಚಿನ ಶಾಖವೂ ಬೇಡ, ಗೇರಿನಲ್ಲಿ ಈಗಾಗಲೇ ಹಲವು ಪಟ್ಟಾಗಿರುವ ತಿರುಗುಬಲಕ್ಕೆ ಇನ್ನಷ್ಟು ಸೇರಿಸಿ ಕ್ಲಚ್ಚನ್ನೂ ಆಕ್ಸಲ್ಲನ್ನೂ ಪರೀಕ್ಷಿಸುವುದೂ ಬೇಡ.

ಪ್ರಶ್ನೆ: ಗ್ಯಾಸ್ ಹಾಕಿಸಿದ ಪರಿಚಿತರೊಬ್ಬರು ಮೈಲೇಜ್ ಕಾಲು ಭಾಗ ಹೆಚ್ಚಿತೆನ್ನುತ್ತಾರೆ. ಉಳಿತಾಯವನ್ನು ಲೆಕ್ಕ ಹಾಕುವುದು ಹೇಗೆ?

ಉತ್ತರ: ಅವರು ಡೀಸೆಲನ್ನು ಮಾತ್ರ ಎಣಿಸಿ ಗ್ಯಾಸನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದು ತೋರುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದರೆ, ಹಗುರವಾದ ಎಲ್‌ಪಿಜಿಯ ಒಂದು ಲೀಟರಿನಲ್ಲಿ ಸುಮಾರು 25 ಮೆಗಾಜೂಲ್ ಇದೆ. 100 ಕಿಲೋಮೀಟರಿಗೆ 12 ಲೀಟರ್ ಡೀಸೆಲ್ ಕುಡಿಯುವ ವಾಹನದಲ್ಲಿ ಐದನೇ ಒಂದು ಪಾಲನ್ನು ಗ್ಯಾಸಿಗೆ ಬಿಟ್ಟರೆ 2.4 ಲೀಟರ್ ಡೀಸೆಲ್ ಉಳಿಯುತ್ತದೆ, ಸುಮಾರು ಮೂರೂವರೆ ಲೀಟರ್ ಗ್ಯಾಸ್ ಖರ್ಚಾಗುತ್ತದೆ. ಡೀಸೆಲ್ ಮಾತ್ರ ನೋಡಿದರೆ ಮೈಲೇಜ್ ಸರಿಯಾಗಿ ಕಾಲು ಭಾಗ ಹೆಚ್ಚಿದಂತೆಯೇ ಕಾಣುತ್ತದೆ! ಲೀಟರ್ ಗ್ಯಾಸಿನ ಬೆಲೆ ಲೀಟರ್ ಡೀಸೆಲಿನ ಬೆಲೆಯ ಶೇ. 70ಕ್ಕಿಂತ ಕಡಿಮೆಯಿದ್ದರೆ ಮಾತ್ರ ಕೈಯಲ್ಲಿ ಹಣ ಉಳಿಯಲು ಶುರುವಾಗುತ್ತದೆ, ಆ ಉಳಿತಾಯದಲ್ಲಿ ಮೊದಲು ಕಿಟ್ಟಿನ ಬೆಲೆ ತೀರಬೇಕು. ವರ್ಷಕ್ಕೆ ಕಡಿಮೆ ಓಡುವ ವಾಹನಕ್ಕೆ ಇದು ಲಾಭದ ಕೆಲಸವಲ್ಲ.

ಪ್ರಶ್ನೆ: ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರುಗಳಿಗೂ ‘ರೈಲ್’ ಎಂಬ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು), ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಹೊಸ ವಾಹನಕ್ಕೂ ಇದೇ ಕಿಟ್ ಹಾಕಿಸಬಹುದೇ?

ಉತ್ತರ: ಹಾಕಿಸಬೇಡಿ ಎಂಬುದು ನನ್ನ ಸಲಹೆ. ಹೊಸ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟಕ್ಕೆ ಎಷ್ಟು ತಿರುಗುಬಲ ಬೇಕೆಂದು ಇಸಿಯು, ಅಂದರೆ ಎಂಜಿನ್ನಿನ ನಿಯಂತ್ರಕ ಕಂಪ್ಯೂಟರ್, ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಡೀಸೆಲ್, ರೈಲಿನ ಒತ್ತಡ, ಟರ್ಬೋ, ಇಜಿಆರ್ (ಉರಿದ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಕವಾಟ) ಎಲ್ಲವನ್ನೂ ಹೊಂದಿಸುತ್ತದೆ. ಹೊರಗಿನಿಂದ ನುಸುಳಿದ ಗ್ಯಾಸ್ ಆ ಲೆಕ್ಕದಲ್ಲಿಲ್ಲ. ಗ್ಯಾಸಿನಿಂದ ವೇಗ ಸಿಕ್ಕು ನೀವು ಕಾಲು ಸಡಿಲಿಸಿದರೆ ಹೊರೆ ಇಳಿದಿದೆಯೆಂದು ತಿಳಿದು ಅದು ಟರ್ಬೋ ಒತ್ತಡವನ್ನು ಇಳಿಸಿ ಇಜಿಆರನ್ನು ಹೆಚ್ಚು ತೆರೆಯಬಹುದು. ಸಿಲಿಂಡರಿನೊಳಗೆ ಹೊರೆ ಮಾತ್ರ ಮೊದಲಿನಷ್ಟೇ ಇರುತ್ತದೆ. ಡಿಪಿಎಫ್‌ನಲ್ಲಿ ಎಷ್ಟು ಮಸಿ ಕೂಡಿದೆ ಎಂಬ ಅಂದಾಜೂ ತಪ್ಪುತ್ತದೆ, ಸುಡದೆ ಬಂದ ಗ್ಯಾಸ್ ಹೊಗೆಯನ್ನು ಶುದ್ಧಿಗೊಳಿಸುವ ಬಿಸಿ ಕ್ಯಾಟಲಿಸ್ಟಿನಲ್ಲಿ ಉರಿದು ಲೆಕ್ಕಕ್ಕಿಲ್ಲದ ಶಾಖ ಸೇರಿಸುತ್ತದೆ. ವಾರಂಟಿ ಹೋಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ಟ್ಯಾಂಕ್ ಎಲ್ಲಿರಬೇಕು? ಸುರಕ್ಷತೆಗಾಗಿ ಏನೇನು ನೋಡಬೇಕು?

ಉತ್ತರ: ಎಲ್‌ಪಿಜಿಯ ಆವಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದರೆ ಕೆಳಗೆ ಕೂಡಿಕೊಂಡು ಅಲ್ಲೇ ನಿಲ್ಲುತ್ತದೆ. ಟ್ಯಾಂಕನ್ನು ವಾಹನದ ಒಳಗಿಟ್ಟರೆ ಅದರ ಕವಾಟಗಳ ಮೇಲೆ ಆವಿ ಬಿಡದ ಪೆಟ್ಟಿಗೆಯಿದ್ದು, ಅದರ ಗಾಳಿಕೊಳವೆ ವಾಹನದ ಹೊರಕ್ಕೆ ತೆರೆದಿರಬೇಕು. ಚಾಸಿಯ ಕೆಳಗಿಟ್ಟರೆ ಕಲ್ಲಿನ ಹೊಡೆತದ ಅಂಜಿಕೆಯಿದೆ. ಕಾಡುದಾರಿಯಲ್ಲಿ ಓಡಿಸುವವರು ಹಿಂಬದಿಯ ಅತಿ ತಗ್ಗಿನ ಜಾಗವನ್ನು ಬಿಟ್ಟು, ಚಾಸಿಯ ಎರಡು ಉದ್ದ ಪಟ್ಟಿಗಳ ನಡುವೆ ಉಕ್ಕಿನ ತಟ್ಟೆಯ ರಕ್ಷಣೆಯೊಡನೆ ಕೂರಿಸುವುದು ಲೇಸು. ಟ್ಯಾಂಕ್ ಮತ್ತು ಕವಾಟಗಳು ವಿಶ್ವಸಂಸ್ಥೆಯ 67ನೇ ವಾಹನ ನಿಯಮಕ್ಕೆ ಒಪ್ಪಿಗೆ ಪಡೆದವಾಗಿರಲಿ. ದ್ರವ ಬಿಸಿಗೆ ಹಿಗ್ಗುವುದರಿಂದ ಶೇ. 80ಕ್ಕೆ ತುಂಬುವಿಕೆಯನ್ನು ತಾನಾಗಿ ನಿಲ್ಲಿಸುವ ಕವಾಟ ಇರಲೇಬೇಕು.

ಇನ್ನು ಬಹಳ ಮಂದಿ ಗಮನಿಸದ ಅಂಶ. ಪೆಟ್ರೋಲ್ ಎಂಜಿನ್ನಿನ ಕೀ ತಿರುಗಿಸಿದರೆ ಕಿಡಿ ನಿಂತು ಎಂಜಿನ್ ನಿಲ್ಲುತ್ತದೆ. ಡೀಸೆಲಿಗೆ ಕಿಡಿಯಿಲ್ಲ; ಇಂಧನ ನಿಲ್ಲಿಸುವುದೊಂದೇ ದಾರಿ. ಗಾಳಿಯ ದಾರಿಯಲ್ಲಿ ಗ್ಯಾಸ್ ಬರುತ್ತಲೇ ಇದ್ದರೆ ಬಿಸಿ ಎಂಜಿನ್ ಕೀ ತೆಗೆದ ಮೇಲೂ ಓಡಬಹುದು, ವೇಗ ಏರುತ್ತಲೇ ಹೋಗಬಹುದು. ತೈಲಬಾವಿಗಳ ಬಳಿ ಕೆಲಸ ಮಾಡುವ ಡೀಸೆಲ್ ಎಂಜಿನ್ನುಗಳ ಗಾಳಿಯ ಬಾಯಿಗೆ ತುರ್ತು ಮುಚ್ಚಳ ಅಳವಡಿಸುವುದು ಇದೇ ಭಯದಿಂದ. ಆದ್ದರಿಂದ ಟ್ಯಾಂಕಿನಲ್ಲೊಂದು, ದ್ರವ ಗ್ಯಾಸನ್ನು ಆವಿಯಾಗಿಸುವ ಆವಿಕಾರಕದ ಬಳಿಯೊಂದು, ಹೀಗೆ ಎರಡು ವಿದ್ಯುತ್ ಕವಾಟಗಳಿರಬೇಕು, ಅವು ಕೀಯನ್ನು ಮಾತ್ರ ನಂಬದೆ ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಬಂದಾಗಷ್ಟೇ ತೆರೆಯಬೇಕು. ಆವಿಕಾರಕಕ್ಕೆ ಎಂಜಿನ್ನಿನ ಬಿಸಿ ಕೂಲೆಂಟ್ ಹರಿಯಬೇಕು. ಎಂಜಿನ್ ತಣ್ಣಗಿದ್ದಾಗ ಗ್ಯಾಸ್ ತೆರೆದರೆ ಆವಿಕಾರಕ ಹೆಪ್ಪುಗಟ್ಟಿ ದ್ರವ ಗ್ಯಾಸೇ ಮುಂದಕ್ಕೆ ನುಗ್ಗೀತು.

ಪ್ರಶ್ನೆ: ಪ್ರಯೋಗಕ್ಕೆಂದು ಅಡುಗೆ ಸಿಲಿಂಡರನ್ನೇ ಹಿಂದಿಟ್ಟು ಜೋಡಿಸಿ ನೋಡಬಹುದೇ?

ಉತ್ತರ: ಬೇಡ. ಅದು ನಿಂತ ಜಾಗದಲ್ಲಿ ಬಳಸಲೆಂದು ಮಾಡಿದ್ದು. ವಾಹನದ ಕುಲುಕಾಟ, ಡಿಕ್ಕಿ, ಉರುಳುವಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಕವಾಟಗಳು ಅದರಲ್ಲಿಲ್ಲ, ಎಂಜಿನ್ ನಿಂತಾಗ ಗ್ಯಾಸನ್ನು ತಾನಾಗಿ ಮುಚ್ಚುವ ಕವಾಟವೂ ಇಲ್ಲ. ಪ್ರಯೋಗವೇ ಬೇಕೆಂದಿದ್ದರೆ, ಮೊದಲ ಉತ್ತರದಲ್ಲಿ ಹೇಳಿದ ಬಿಸಿ ಅಳೆಯುವ ಮೀಟರನ್ನು ಬರಿಯ ಡೀಸೆಲಿನಲ್ಲೇ ಒಮ್ಮೆ ಹಾಕಿ, ತುಂಬಿದ ವಾಹನದಲ್ಲಿ ಉದ್ದನೆಯ ಏರು ಹತ್ತಿ ನೋಡಿ. ಮುಳ್ಳು ಆಗಲೇ ಮಿತಿಯ ಹತ್ತಿರವಿದ್ದರೆ ಆ ಎಂಜಿನ್ನಿನಲ್ಲಿ ಗ್ಯಾಸಿಗೆ ಜಾಗವಿಲ್ಲ.