ಮರಳಿ ಮರಳಿ ಬರುವ ಹಿಮ್ಮಡಿ ನೋವು

ಪ್ರಶ್ನೆ: ನನಗೆ 38 ವರ್ಷ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ನಾಲ್ಕು ವರ್ಷಗಳಿಂದ ಓಡುತ್ತಿದ್ದೇನೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದಾಗ ಬಲ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಹ ನೋವಾಗುತ್ತದೆ. ವೈದ್ಯರು ಪ್ಲಾಂಟರ್ ಫ್ಯಾಸೈಟಿಸ್ (ಅಂಗಾಲಿನ ಪಟ್ಟಿಯ ತೊಂದರೆ) ಎಂದಿದ್ದಾರೆ. ಆರು ವಾರ ವಿಶ್ರಾಂತಿ ಪಡೆದರೆ ಹೋಗುವ ನೋವು, ಓಟ ಆರಂಭಿಸಿದ ಮೂರನೇ ವಾರಕ್ಕೆ ಮರಳುತ್ತದೆ. ಇದು ಮೂರನೇ ಬಾರಿ. ಓಟವನ್ನೇ ಬಿಡಬೇಕೇ?

ಉತ್ತರ: ಬಿಡಬೇಕಾಗಿಲ್ಲ. ಮೂರು ಬಾರಿ ಹೀಗಾದಾಗ ಮನಸ್ಸು ಕುಗ್ಗುವುದು ಸಹಜ, ಆದರೆ ನಿಮ್ಮ ಪತ್ರದಲ್ಲಿಯೇ ಕಾರಣದ ಸುಳಿವಿದೆ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಹರಡಿರುವ ದಪ್ಪ ಪಟ್ಟಿಯೊಂದು ಅಂಗಾಲಿನ ಕಮಾನನ್ನು ಹಿಡಿದಿಟ್ಟಿರುತ್ತದೆ. ವಿಶ್ರಾಂತಿಯಿಂದ ಅದರ ನೋವು ಶಮನವಾಗುತ್ತದೆಯೇ ಹೊರತು ಶಕ್ತಿ ಬರುವುದಿಲ್ಲ. ಆರು ವಾರಗಳಲ್ಲಿ ಮೀನಖಂಡವೂ ಸೊರಗಿರುತ್ತದೆ, ಆ ಸ್ಥಿತಿಯಲ್ಲಿ ನೀವು ಹಳೆಯ ದೂರಕ್ಕೇ ಮರಳಿದರೆ ಪಟ್ಟಿ ಮತ್ತೆ ಸೋಲುತ್ತದೆ.

ಆದ್ದರಿಂದ ಈ ಬಾರಿ ಕಾಲಿಗೆ ಭಾರ ಹೊರುವುದನ್ನು ಕಲಿಸಿ. ಮೆಟ್ಟಿಲಿನ ಅಂಚಿನಲ್ಲಿ ಸುರುಳಿ ಸುತ್ತಿದ ಟವೆಲ್ ಇಟ್ಟು, ಬೆರಳುಗಳು ಅದರ ಮೇಲೆ ಬಾಗಿ ನಿಲ್ಲುವಂತೆ ನೋವಿರುವ ಕಾಲನ್ನು ಊರಿ, ಗೋಡೆ ಹಿಡಿದು, 3 ಸೆಕೆಂಡುಗಳಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡು ತಡೆದು, 3 ಸೆಕೆಂಡುಗಳಲ್ಲಿ ಇಳಿಸಿ. ದಿನ ಬಿಟ್ಟು ದಿನ, 12ರಂತೆ ಮೂರು ಸುತ್ತು. ಹಗುರವೆನಿಸತೊಡಗಿದಾಗ ಬೆನ್ನಚೀಲದಲ್ಲಿ ಪುಸ್ತಕ ತುಂಬಿ ಹೊತ್ತುಕೊಳ್ಳಿ. ಡೆನ್ಮಾರ್ಕಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂರು ತಿಂಗಳ ಹೊತ್ತಿಗೆ ಈ ವ್ಯಾಯಾಮ ಮಾಡಿದವರು ಅಂಗಾಲನ್ನು ಕೇವಲ ಹಿಗ್ಗಿಸಿದವರಿಗಿಂತ ಹೆಚ್ಚು ಚೇತರಿಸಿಕೊಂಡಿದ್ದರು. ವರ್ಷ ತುಂಬುವಷ್ಟರಲ್ಲಿ ಆ ಅಂತರ ಉಳಿದಿರಲಿಲ್ಲ. ಫಲ ಕಾಣಲು ತಿಂಗಳುಗಳೇ ಹಿಡಿಯುವುದರಿಂದ ತಾಳ್ಮೆ ಇರಲಿ.

ನಮ್ಮ ಮನೆಗಳ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲುವುದೂ ನೋವನ್ನು ಕೆರಳಿಸಬಲ್ಲದು. ಸದ್ಯಕ್ಕೆ ಒಳಗೂ ಮೆತ್ತನೆಯ ಚಪ್ಪಲಿ ಧರಿಸಿ, ಹಾಸಿಗೆಯ ಪಕ್ಕದಲ್ಲಿಯೇ ಇಟ್ಟುಕೊಳ್ಳಿ.

ಓಟವನ್ನು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವುದರಿಂದ ಆರಂಭಿಸಿ. ಮರುದಿನದ ಮೊದಲ ಹೆಜ್ಜೆಯೇ ನಿಮ್ಮ ಅಳತೆಗೋಲು: ನೋವು ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಓಟವನ್ನು ತಗ್ಗಿಸಿ, ಇಲ್ಲದಿದ್ದರೆ ಮುಂದುವರಿಸಿ. ಆದರೆ ಮಲಗಿದಾಗಲೂ ನೋಯುತ್ತಿದ್ದರೆ, ಅಥವಾ ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಗಳಲ್ಲಿ ಒತ್ತಿದಾಗ ತೀವ್ರ ನೋವಾದರೆ, ಮೂಳೆಯಲ್ಲಿ ಸೂಕ್ಷ್ಮ ಬಿರುಕಿರಬಹುದು. ಆಗ ವ್ಯಾಯಾಮವನ್ನೂ ನಿಲ್ಲಿಸಿ ಮೂಳೆ ತಜ್ಞರನ್ನು ಕಾಣಿ. ಇಂತಹ ಬಿರುಕು ಮೊದಲ ವಾರಗಳ ಎಕ್ಸ್‌ರೇಯಲ್ಲಿ ಕಾಣಿಸದೆಯೂ ಇರಬಹುದೆಂಬುದು ನೆನಪಿರಲಿ.