ಬೆಂಗಳೂರು ಎಫ್‌ಸಿ ಚಿಕ್ಕ ಹುಡುಗರನ್ನು ನಿಜವಾಗಿ ಬೆಳೆಸುತ್ತದಾ? ಹದಿಮೂರರ ಮಗನನ್ನು ಕಳಿಸಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಕುಮಟಾದಲ್ಲಿ ಮನೆ, ಮಗನಿಗೆ ಹದಿಮೂರು, ಶಾಲೆಯ ತಂಡದಲ್ಲಿ ಎಡಗಡೆ ಆಡುತ್ತಾನೆ. ಯಾರೋ ಬೆಂಗಳೂರು ಎಫ್‌ಸಿ ಅಕಾಡೆಮಿಯ ಟ್ರಯಲ್ಸ್‌ಗೆ ಕಳಿಸಿ ಅಂದಿದ್ದಾರೆ. ಈ ಕ್ಲಬ್ ಹುಡುಗರನ್ನು ನಿಜವಾಗಿ ಬೆಳೆಸುತ್ತದಾ, ಇಲ್ಲ ಬರೀ ಹೆಸರಾ ಅಂತ ಕೇಳಿದ್ದೀರಿ. ನಾನು ಕಾರವಾರದವನು. ಹದಿನಾಲ್ಕು ವರ್ಷದಿಂದ ಶನಿವಾರ, ಭಾನುವಾರ ಬೆಳಿಗ್ಗೆ ಇಲ್ಲಿನ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ನಮ್ಮ ಮನೆಯ ಹುಡುಗನೇ ಒಬ್ಬ ಅಕಾಡೆಮಿಗೆ ಹೋಗಿ ವಾಪಸ್ ಬಂದಿದ್ದಾನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ನಮ್ಮ ದೇಶದ ಮಟ್ಟಿಗೆ ನೋಡಿದರೆ ಚೆನ್ನಾಗಿಯೇ ಬೆಳೆಸುತ್ತದೆ. ಆದರೆ ಅದನ್ನು ತಿಳಿಯಲು ನೀವು ಅಲ್ಲಿನ ಹದಿಮೂರರ ಹುಡುಗರನ್ನು ನೋಡಬೇಡಿ. ಹತ್ತೊಂಬತ್ತರವರನ್ನು ನೋಡಿ.

ಯಾಕೆ ಅಂದರೆ, ಹದಿಮೂರು, ಹದಿನೈದರ ಟೂರ್ನಮೆಂಟ್ ಗೆಲ್ಲುವುದು ಅಷ್ಟು ಕಷ್ಟವಲ್ಲ. ಬೇಗ ಉದ್ದ ಬೆಳೆದ ನಾಲ್ಕು ಹುಡುಗರನ್ನು ಆರಿಸಿಕೊಂಡು, ಹಿಂದಿನಿಂದ ಚೆಂಡನ್ನು ಉದ್ದಕ್ಕೆ ಒದೆಸಿದರೆ ಸಾಕು, ಕಪ್ ಬರುತ್ತದೆ. ನಾನೂ ಮೊದಮೊದಲು ಅದನ್ನೇ ಮಾಡಿದ್ದೇನೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವಯೋಗುಂಪಿನಲ್ಲಿ ಆಡುತ್ತಾರೆ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ಮೈಕಟ್ಟಿನಲ್ಲಿ ಬಹಳ ವ್ಯತ್ಯಾಸ. ಹಾಗಾಗಿ ಜಗತ್ತಿನ ಹೆಚ್ಚಿನ ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಸಿಗುತ್ತಾರೆ. ಅವರೇ ಒಳ್ಳೆಯ ಆಟಗಾರರು ಅಂತಲ್ಲ. ಆಯ್ಕೆಯ ದಿನ ಅವರು ದೊಡ್ಡವರಾಗಿ ಕಂಡರು, ಅಷ್ಟೇ. ನಿಮ್ಮ ಮಗ ಸಣ್ಣಗಿದ್ದು ತಲೆ ಎತ್ತಿ ಆಡುವವನಾದರೆ, ಒಂದು ಟ್ರಯಲ್ಸ್‌ನಲ್ಲಿ ಬೇಡ ಅಂದದ್ದನ್ನು ದೊಡ್ಡದು ಮಾಡಬೇಡಿ.

ನಿಜವಾದ ಪರೀಕ್ಷೆ ಹದಿನೆಂಟಕ್ಕೆ ಶುರುವಾಗಿ ಇಪ್ಪತ್ತೊಂದಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ತನ್ನ ವಯಸ್ಸಿನವರ ಜೊತೆ ಆಡಿದ ಹುಡುಗ ಈಗ ದೊಡ್ಡವರ ಎದುರು ನಿಲ್ಲಬೇಕು. ಕೋಚ್‌ಗೆ ಮುಂದಿನ ಪಂದ್ಯ ಗೆಲ್ಲಲೇಬೇಕು, ಇಲ್ಲದಿದ್ದರೆ ಅವರ ಕೆಲಸ ಹೋಗುತ್ತದೆ. ಅಂಥ ಒತ್ತಡದಲ್ಲೂ ಹತ್ತೊಂಬತ್ತರ ಹುಡುಗನನ್ನು ಮೊದಲ ಹನ್ನೊಂದರಲ್ಲಿ ಹಾಕುತ್ತಾರಾ? ಅವನು ಒಂದು ತಪ್ಪು ಮಾಡಿದ ಮೇಲೆ ಮುಂದಿನ ವಾರ ಮತ್ತೆ ಹಾಕುತ್ತಾರಾ? ಬೆಳೆಸುವುದು ಅಂದರೆ ನನ್ನ ಪ್ರಕಾರ ಇದೇ. ಒಳ್ಳೆಯ ಟರ್ಫ್, ಜಿಮ್, ಈಜುಕೊಳ ಎಲ್ಲ ಆಮೇಲೆ.

ಈ ಲೆಕ್ಕದಲ್ಲಿ ಬೆಂಗಳೂರು ಎಫ್‌ಸಿಯನ್ನು ನೋಡೋಣ. ಕ್ಲಬ್ ಶುರುವಾದದ್ದು 2013ರಲ್ಲಿ. ಮೊದಲ ವರ್ಷವೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಅಷ್ಟು ಬೇಗ ಗೆದ್ದದ್ದು ಸ್ವಂತ ಮಕ್ಕಳಿಂದಲ್ಲ, ಬೇರೆ ಕಡೆ ಬೆಳೆದು ಬಂದ ಆಟಗಾರರಿಂದ. ಅದು ತಪ್ಪೇನಲ್ಲ. ಹೊಸ ಕ್ಲಬ್‌ಗೆ ಬೇರೆ ದಾರಿ ಇರಲಿಲ್ಲ. ಉದಾಂತ ಸಿಂಗ್ ಬಂದದ್ದು ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಿಂದ. ಸುರೇಶ್ ಸಿಂಗ್ 2017ರ ಹದಿನೇಳರ ಒಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿ, ಇಂಡಿಯನ್ ಆ್ಯರೋಸ್ ಎಂಬ ಯುವ ಆಟಗಾರರ ತಂಡದಲ್ಲಿ ಪಳಗಿ ಬಂದವರು. ನಮ್ಮ ಶಿರಸಿ ಕಡೆ ತೋಟದವರು ಅಡಿಕೆ ಸಸಿಯನ್ನು ಬೇರೆಯವರ ಪಾತಿಯಿಂದ ತಂದು ನೆಡುತ್ತಾರಲ್ಲ, ಹಾಗೆ. ನೆಟ್ಟ ಮೇಲೆ ನೀರು, ನೆರಳು ಕೊಟ್ಟು ಉಳಿಸಿಕೊಳ್ಳುವುದೂ ಕೆಲಸವೇ. ಆ ಕೆಲಸವನ್ನು ಈ ಕ್ಲಬ್ ಚೆನ್ನಾಗಿ ಮಾಡಿದೆ.

ಮಣಿಪುರದ ರೋಷನ್ ಸಿಂಗ್ ಇಲ್ಲಿನ ಬಿ ತಂಡದಿಂದ, ಅಂದರೆ ರಿಸರ್ವ್ ತಂಡದಿಂದ, ಮೇಲೆ ಬಂದರು. 2021-22ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಉದಯೋನ್ಮುಖ ಆಟಗಾರ ಪ್ರಶಸ್ತಿ ಅವರಿಗೇ ಸಿಕ್ಕಿತು. ಮುಂದಿನ ವರ್ಷ ಅದೇ ಪ್ರಶಸ್ತಿ ಮತ್ತೆ ಇದೇ ಕ್ಲಬ್‌ಗೆ, ಈ ಸಲ ತಮಿಳುನಾಡಿನ ಶಿವಶಕ್ತಿ ನಾರಾಯಣನ್‌ಗೆ. ಅವರೂ ರಿಸರ್ವ್ ತಂಡದಲ್ಲಿ ಆಡಿ ಬಂದವರು. 2022ರ ಡ್ಯುರಾಂಡ್ ಕಪ್ ಫೈನಲ್ ನೆನಪಿದೆಯಾ? ಮುಂಬೈ ಸಿಟಿ ಎದುರು 2-1. ಮೊದಲ ಗೋಲು ಶಿವಶಕ್ತಿಯದ್ದು. ಅಂದು ನಮ್ಮ ಹುಡುಗರು ಐದಾರು ಮಂದಿ ನಮ್ಮ ಮನೆಯಲ್ಲಿ ಕೂತು ನೋಡಿದ್ದರು. ಗೋಲು ಬಿದ್ದಾಗ ಅವರು ಕೂಗಿದ ಕೂಗು ಪಕ್ಕದ ಓಣಿಗೂ ಕೇಳಿರಬೇಕು. ಒಂದು ಫೈನಲ್‌ನಲ್ಲಿ, ಅದೂ ಗೋಲು ಹೊಡೆಯುವ ಫಾರ್ವರ್ಡ್ ಜಾಗದಲ್ಲಿ, ಇಪ್ಪತ್ತೊಂದರ ಭಾರತೀಯ ಹುಡುಗನನ್ನು ಆಡಿಸಿದ್ದು ನನಗೆ ಕಪ್‌ಗಿಂತ ದೊಡ್ಡದಾಗಿ ಕಂಡಿತು.

ಫಾರ್ವರ್ಡ್ ಜಾಗ ಅಂತ ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಐಎಸ್‌ಎಲ್‌ನಲ್ಲಿ 2021-22ರಿಂದ ಒಂದು ತಂಡ ಒಂದು ಹೊತ್ತಿಗೆ ನಾಲ್ಕು ವಿದೇಶಿಯರನ್ನು ಮಾತ್ರ ಮೈದಾನದಲ್ಲಿ ಇಳಿಸಬಹುದು. ಅದಕ್ಕೂ ಮುಂಚೆ ಐದು ಇತ್ತು. ಈ ನಾಲ್ಕರಲ್ಲಿ ಒಬ್ಬರನ್ನು ಹೆಚ್ಚಿನ ಕ್ಲಬ್‌ಗಳು ಗೋಲು ಹೊಡೆಯುವ ಜಾಗಕ್ಕೇ ಇಡುತ್ತವೆ. ಹಾಗಾಗಿ ನಮ್ಮ ಹುಡುಗರಿಗೆ ಬದಿಯ ಜಾಗ ಸಿಗುತ್ತದೆ, ಬ್ಯಾಕ್ ಜಾಗ ಸಿಗುತ್ತದೆ, ಮುಂದೆ ನಡುವಿನಲ್ಲಿ ಗೋಲು ಹೊಡೆಯುವ ಜಾಗ ಸಿಗುವುದು ಕಷ್ಟ. ಫಾರ್ವರ್ಡ್ ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ಭಾರತ ತಂಡದಿಂದ ನಿವೃತ್ತರಾದರು, ಮತ್ತೆ 2025ರ ಮಾರ್ಚ್‌ನಲ್ಲಿ ನಲವತ್ತರ ವಯಸ್ಸಿನಲ್ಲಿ ಅವರನ್ನೇ ವಾಪಸ್ ಕರೆಯಬೇಕಾಯಿತು ಅಲ್ವಾ, ಅದರ ಹಿಂದೆ ಇರುವುದು ಇದೇ ಕೊರತೆ. ನಿಮ್ಮ ಮಗ ಎಡಗಾಲಿನವನು, ಎಡಗಡೆ ಆಡುವವನು ಅಂದಿರಿ. ಅವನಿಗೆ ಈ ತೊಂದರೆ ಕಡಿಮೆ. ಎಡಗಾಲಿನವರು ಎಲ್ಲ ಕಡೆ ಬೇಕು.

ಇನ್ನು ಸ್ವಂತ ಪಾತಿಯಲ್ಲೇ ಬೆಳೆದವರ ವಿಷಯ. 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ಎದುರು ಗೆದ್ದ ಪಂದ್ಯದಲ್ಲಿ ಒಂದೇ ಗೋಲು. ಹೊಡೆದವರು ವಿನೀತ್ ವೆಂಕಟೇಶ್. ಆಗ ಹತ್ತೊಂಬತ್ತು ವರ್ಷ, ಬೆಂಗಳೂರಿನ ಹುಡುಗ, ಈ ಕ್ಲಬ್‌ನ ಅಕಾಡೆಮಿಯಲ್ಲೇ ಬೆಳೆದವರು. ನಾನು ಹೇಳಿದ ಹತ್ತೊಂಬತ್ತರ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕೊಡಲಾರೆ. ಹಾಗೆಯೇ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಅಂತ ಚಿಕ್ಕವರ ಲೀಗ್ ಒಂದಿದೆ. 2022ರಲ್ಲಿ ಅದು ಮೊದಲ ಸಲ ನಡೆದಾಗಲೂ 2023ರಲ್ಲೂ ಗೆದ್ದದ್ದು ಬೆಂಗಳೂರು ಎಫ್‌ಸಿ ಹುಡುಗರೇ. ಅದರ ಮೇಲೆ ಇಂಗ್ಲೆಂಡಿಗೂ ಹೋಗಿ ಅಲ್ಲಿನ ಕ್ಲಬ್‌ಗಳ ಯುವ ತಂಡಗಳ ಜೊತೆ ಆಡಿ ಬಂದರು. ಆದರೂ ಅಲ್ಲಿಂದ ಮೊದಲ ತಂಡದಲ್ಲಿ ಕಾಯಂ ಆಗಿ ಉಳಿದವರು ಬೆರಳೆಣಿಕೆಯಷ್ಟು. ಇದು ಈ ಕ್ಲಬ್‌ನ ಮೇಲಿನ ದೂರಲ್ಲ. ಎಲ್ಲ ಕಡೆ ಹೀಗೇ. ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ಬಾಸ್ಕ್ ಸೀಮೆಯಲ್ಲಿ ಹುಟ್ಟಿದ ಅಥವಾ ಅಲ್ಲಿ ಆಟ ಕಲಿತ ಹುಡುಗರನ್ನು ಮಾತ್ರ ಆಡಿಸುತ್ತದೆ, ಆದರೂ ಒಮ್ಮೆಯೂ ಮೇಲಿನ ದರ್ಜೆಯಿಂದ ಕೆಳಗೆ ಇಳಿದಿಲ್ಲ. ಅಲ್ಲಿ ಕೂಡ ಅಕಾಡೆಮಿಗೆ ಸೇರಿದ ಹೆಚ್ಚಿನ ಮಕ್ಕಳು ಮೊದಲ ತಂಡ ಮುಟ್ಟುವುದಿಲ್ಲ.

ಅದಕ್ಕೇ ನನಗೆ ಇನ್ನೊಂದು ಪ್ರಶ್ನೆ ಮುಖ್ಯ. ಮುಟ್ಟದವರನ್ನು ಕ್ಲಬ್ ಹೇಗೆ ನೋಡಿಕೊಳ್ಳುತ್ತದೆ?

ನಮ್ಮ ಅಣ್ಣನ ಮಗನ ಕಥೆ ಹೇಳುತ್ತೇನೆ. ಹದಿನಾಲ್ಕಕ್ಕೆ ಬೇರೆ ರಾಜ್ಯದ ಒಂದು ಅಕಾಡೆಮಿಗೆ ಆಯ್ಕೆಯಾದ. ಹೆಸರು ಬೇಡ. ಮನೆಯಲ್ಲಿ ಹಬ್ಬವೇ ಆಯಿತು. ಕೋಡಿಬಾಗದ ಮರಳಿನಲ್ಲಿ, ಇಳಿತದ ಹೊತ್ತಿಗೆ ಗಟ್ಟಿಯಾಗುವ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು. ಚೆಂಡು ಅವನ ಕಾಲಿಗೆ ಅಂಟಿದ ಹಾಗೆ ಇರುತ್ತಿತ್ತು. ಎರಡನೇ ವರ್ಷ ಒಮ್ಮೆಲೇ ಉದ್ದ ಬೆಳೆದ. ಮಂಡಿಚಿಪ್ಪಿನ ಕೆಳಗೆ ಒಂದು ಗಂಟು, ಓಡಿದರೆ ನೋವು. ಬೆಳೆಯುವ ವಯಸ್ಸಿನ ಆಟದ ಹುಡುಗರಲ್ಲಿ ಇದು ಬಹಳ ಸಾಮಾನ್ಯ. ಓಟ, ಜಿಗಿತ ಕಡಿಮೆ ಮಾಡಿ ಕೆಲವು ತಿಂಗಳು ಕಾದರೆ ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಅಲ್ಲಿ ಯಾರೂ ಅವನ ಎತ್ತರ ಅಳೆದು ಬರೆದಿಟ್ಟಿರಲಿಲ್ಲ. ನೋವು ಅಂದರೆ ಸೋಮಾರಿ ಅಂದರು. ದಿನಕ್ಕೆ ಎರಡು ಸಲ ಅಭ್ಯಾಸ ಮಾಡಿಸಿದರು. ಅವನೂ ಜಾಗ ಹೋಗುತ್ತದೆ ಅಂತ ಬಾಯಿಬಿಡಲಿಲ್ಲ, ಮನೆಗೂ ಹೇಳಲಿಲ್ಲ. ಕೊನೆಗೆ ಕುಂಟುತ್ತಾ ಆಡಿದವನನ್ನು ಸೀಸನ್ ಮುಗಿದ ಮೇಲೆ ಬೇಡ ಅಂದರು. ಅದೂ ಫೋನಿನಲ್ಲಿ, ಎರಡು ನಿಮಿಷದ ಮಾತು. ಶಾಲೆ ಹೆಸರಿಗೆ ಮಾತ್ರ ಇತ್ತು. ಹದಿನೇಳಕ್ಕೆ ಎಸ್‌ಎಸ್‌ಎಲ್‌ಸಿ ಇಲ್ಲದೆ ಮನೆಗೆ ಬಂದ. ಆರು ತಿಂಗಳು ಕಡಲ ಕಡೆಗೇ ಹೋಗಲಿಲ್ಲ. ಆಮೇಲೆ ಎನ್‌ಐಒಎಸ್ ಎಂಬ ಮುಕ್ತ ಶಾಲೆಯಲ್ಲಿ ಹತ್ತನೇ ತರಗತಿ ಪರೀಕ್ಷೆ ಕಟ್ಟಿ ಪಾಸಾದ. ನನಗೆ ಇವತ್ತಿಗೂ ಸಿಟ್ಟಿದೆ. ಅವನನ್ನು ತೆಗೆದದ್ದಕ್ಕಲ್ಲ. ತೆಗೆದ ರೀತಿಗೆ.

ಹಾಗಾಗಿ ನೀವು ಯಾವ ಅಕಾಡೆಮಿಗೆ ಹೋದರೂ ಕೇಳಿ. ಫಿಸಿಯೋ ದಿನಾ ಇರುತ್ತಾರಾ, ವಾರಕ್ಕೊಮ್ಮೆ ಬರುತ್ತಾರಾ? ಮಕ್ಕಳ ಎತ್ತರ, ತೂಕ ಬರೆದಿಡುತ್ತೀರಾ? ಶಾಲೆ ಯಾವುದು, ಯಾವ ಬೋರ್ಡ್, ಹೋದ ವರ್ಷ ಹತ್ತನೇ ತರಗತಿ ಎಷ್ಟು ಮಂದಿ ಬರೆದರು? ಬಿಟ್ಟುಹೋದ ಹುಡುಗರು ಈಗ ಎಲ್ಲಿದ್ದಾರೆ? ಈ ಕೊನೆಯ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಕೊಟ್ಟರೆ ಅದು ಒಳ್ಳೆಯ ಜಾಗ. ಸಂಕೋಚ ಮಾಡಬೇಡಿ. ಮಗ ನಿಮ್ಮವನು.

ಬೆಂಗಳೂರು ಎಫ್‌ಸಿ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆ ಇವೆ, ಅದನ್ನು ಗೊಂದಲ ಮಾಡಿಕೊಳ್ಳಬೇಡಿ. ಒಂದು, ಸಾಕರ್ ಸ್ಕೂಲ್. ಫೀ ಕಟ್ಟಿ ವಾರದಲ್ಲಿ ಕೆಲವು ದಿನ ಹೋಗಿ ಕಲಿಯುವುದು. ಆಟ ಕಲಿಯಲು ಒಳ್ಳೆಯದೇ, ಆದರೆ ಸೇರಿದ ಮಾತ್ರಕ್ಕೆ ಕ್ಲಬ್ ಆರಿಸಿದೆ ಅಂತಲ್ಲ. ಇನ್ನೊಂದು, ಟ್ರಯಲ್ಸ್‌ನಲ್ಲಿ ಆಯ್ಕೆಯಾದವರು ಉಳಿದುಕೊಳ್ಳುವ ರೆಸಿಡೆನ್ಶಿಯಲ್ ಅಕಾಡೆಮಿ. ಅದು ಬೆಂಗಳೂರಿನಲ್ಲಿ ಇಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ, ಜೆಎಸ್‌ಡಬ್ಲ್ಯೂನವರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಇದೆ. ನಮಗೆ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ, ಅಲ್ಲಿಂದ ರೈಲು. ಕರಾವಳಿಯ ಹುಡುಗನಿಗೆ ಆ ಬಿಸಿಲು ಬೇರೆ, ಊಟ ಬೇರೆ. ದಿನಾ ಮೀನು ಸಾರು, ಅನ್ನ ಉಂಡವನಿಗೆ ಮೊದಲ ತಿಂಗಳು ಕಷ್ಟವಾಗುತ್ತದೆ. ಸಣ್ಣ ವಿಷಯ ಅನ್ನಿಸಬಹುದು. ಮನೆ ನೆನಪಾಗಿ ವಾಪಸ್ ಬಂದ ಹುಡುಗರನ್ನು ನಾನು ನೋಡಿದ್ದೇನೆ.

ಒಂದು ಒಳ್ಳೆಯ ಮಾತೂ ಹೇಳಬೇಕು. 2025ರ ಆಗಸ್ಟ್‌ನಲ್ಲಿ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎಂಬ ಸ್ಥಿತಿ ಬಂದಾಗ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಆಗಲೂ ಯುವ ತಂಡಗಳ ಕೆಲಸ ನಿಲ್ಲುವುದಿಲ್ಲ ಅಂತ ಹೇಳಿತು. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಮಕ್ಕಳ ಮೇಲೇ. ಇಲ್ಲಿ ಹಾಗೆ ಆಗಲಿಲ್ಲ. ಅದೇ ಹೊತ್ತಿಗೆ, ಈ ದೇಶದಲ್ಲಿ ಫುಟ್‌ಬಾಲ್ ನಂಬಿ ಓದು ಬಿಡುವುದು ಎಷ್ಟು ಅಪಾಯ ಅಂತಲೂ ಆ ತಿಂಗಳುಗಳು ತೋರಿಸಿದವು.

ಗೋವಾ ಹತ್ತಿರ ಅಲ್ವಾ ಅಂತ ನೀವು ಕೇಳಬಹುದು. ನಿಜ. ಮಡಗಾಂವ್‌ಗೆ ಕೊಂಕಣ ರೈಲು ಹಿಡಿದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಐದು ಸಲ ರಾಷ್ಟ್ರೀಯ ಲೀಗ್ ಗೆದ್ದ ಡೆಂಪೊ ಕ್ಲಬ್ ಅಲ್ಲಿದೆ, 1999ರಿಂದ ಇರುವ ಸೇಸಾ ಅಕಾಡೆಮಿ ಇದೆ, ಎಫ್‌ಸಿ ಗೋವಾ ಇದೆ. ಊರೂರಿಗೆ ಮೈದಾನ, ವಾರವಾರ ಪಂದ್ಯ. ಹದಿಮೂರರ ಹುಡುಗನಿಗೆ ಹಾಸ್ಟೆಲ್‌ಗಿಂತ ಪಂದ್ಯ ಮುಖ್ಯ. ನಮ್ಮ ಜಿಲ್ಲೆಯಲ್ಲಿ ಅದೇ ಇಲ್ಲ. ವರ್ಷಕ್ಕೆ ಶಾಲೆಯ ಪಂದ್ಯ ನಾಲ್ಕೋ ಐದೋ. ಜೂನ್‌ನಿಂದ ಮೈದಾನ ಕೆಸರು. ನನ್ನ ಕೈಯಲ್ಲಿ ಒಂದು ಅಧಿಕಾರ ಇದ್ದಿದ್ದರೆ ಭಟ್ಕಳದಿಂದ ಕಾರವಾರದವರೆಗೆ ಚಿಕ್ಕ ಮಕ್ಕಳಿಗೆ ವಾರಕ್ಕೊಂದು ಪಂದ್ಯದ ಲೀಗ್ ಮಾಡಿಸುತ್ತಿದ್ದೆ.

ಎರಡು ಕಾಗದದ ವಿಷಯ. ವಯಸ್ಸು ಸರಿಯಾಗಿರಲಿ. ಒಂದೆರಡು ವರ್ಷ ಕಡಿಮೆ ತೋರಿಸಿ ಅಂತ ಹೇಳುವವರು ಸಿಗುತ್ತಾರೆ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ಸಿಕ್ಕಿಬಿದ್ದರೆ ಹುಡುಗನ ದಾರಿಯೇ ಮುಚ್ಚುತ್ತದೆ. ಇನ್ನೊಂದು, ಈಗ ಆಡುತ್ತಿರುವ ಚಿಕ್ಕ ಕ್ಲಬ್‌ನಲ್ಲೇ ಅವನ ಹೆಸರು ಸರಿಯಾಗಿ ನೋಂದಣಿ ಆಗಿರಲಿ. ಫಿಫಾ ನಿಯಮದ ಪ್ರಕಾರ ಮುಂದೆ ಆಟಗಾರ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಹಣಕ್ಕೆ ಹೋದರೆ, ಆ ಹಣದ ಶೇ. 5 ಭಾಗ ಅವನನ್ನು ಹನ್ನೆರಡರಿಂದ ಇಪ್ಪತ್ಮೂರರವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು. ದಾಖಲೆ ಇಲ್ಲದಿದ್ದರೆ ನಮ್ಮಂಥವರಿಗೆ ಏನೂ ಬರುವುದಿಲ್ಲ. ಅದರಲ್ಲಿ ಎರಡು ಬಲೆ, ಹತ್ತು ಚೆಂಡು ಬಂದರೂ ಮುಂದಿನ ಮಕ್ಕಳಿಗೆ ಆಯಿತು.

ನಿಮ್ಮ ಮಗನನ್ನು ಟ್ರಯಲ್ಸ್‌ಗೆ ಖಂಡಿತ ಕಳಿಸಿ. ಆಯ್ಕೆಯಾದರೆ ಮೇಲಿನ ಪ್ರಶ್ನೆ ಕೇಳಿ, ಉತ್ತರ ಸರಿ ಅನ್ನಿಸಿದರೆ ಸೇರಿಸಿ. ಆಗದಿದ್ದರೆ ಹದಿನಾರಕ್ಕೆ ಮತ್ತೆ ಪ್ರಯತ್ನಿಸಬಹುದು, ತಡವೇನಲ್ಲ. ಅದಕ್ಕೂ ಮೊದಲು ಒಂದು ಭಾನುವಾರ ಕಾರವಾರಕ್ಕೆ ಕರೆದುಕೊಂಡು ಬನ್ನಿ. ಅಣ್ಣನ ಮಗ ಈಗ ನನ್ನ ಜೊತೆ ಚಿಕ್ಕವರಿಗೆ ಹೇಳಿಕೊಡುತ್ತಾನೆ, ಅವನೂ ಎಡಗಾಲಿನವನೇ. ಟ್ರಯಲ್ಸ್‌ನಲ್ಲಿ ಏನು ನೋಡುತ್ತಾರೆ ಅಂತ ನನಗಿಂತ ಚೆನ್ನಾಗಿ ಹೇಳುತ್ತಾನೆ. ಹಾಂ, ಟ್ರಯಲ್ಸ್‌ಗೆ ಅಂತ ಹೊಸ ಬೂಟು ಕೊಡಿಸುವುದಾದರೆ ಈಗಲೇ ಕೊಡಿಸಿ. ಮೂರು ವಾರ ಹಾಕಿ ಆಡಿ ಪಳಗಿರಲಿ. ಕಾಲಲ್ಲಿ ಬೊಬ್ಬೆ ಎದ್ದು ಅವಕಾಶ ಕಳೆದುಕೊಂಡವರು ನಮ್ಮಲ್ಲೇ ಇಬ್ಬರಿದ್ದಾರೆ.