ಹಣ್ಣಿನ ಹೆಸರು ಹಾಕಿದರೆ ಹಣ್ಣು ಸಿಗದು

ಪ್ರಶ್ನೆ: ಹತ್ತೊಂಬತ್ತನೇ ಶತಮಾನದ ಐರಿಷ್ ಸ್ಥಳೀಯ ಪತ್ರಿಕೆಗಳಲ್ಲಿ ಕಾಡುಹಣ್ಣಿನ ಸುದ್ದಿ ಹುಡುಕುತ್ತಿದ್ದೇನೆ. ಡಿಜಿಟಲ್ ಸಂಗ್ರಹದಲ್ಲಿ ‘ಬಿಲ್‌ಬೆರಿ’ (ಕಡುನೀಲಿಯ ಪುಟ್ಟ ಕಾಡುಹಣ್ಣು) ಎಂದು ಹಾಕಿದರೆ ಹೆಚ್ಚೇನೂ ಬರುವುದಿಲ್ಲ. ಅಲ್ಲಿನ ಬೆಟ್ಟಗಳಲ್ಲಿ ಅದು ಧಾರಾಳವಾಗಿ ಬೆಳೆಯುತ್ತದಲ್ಲವೇ?

ಉತ್ತರ: ಹಣ್ಣು ಧಾರಾಳ, ಹೆಸರು ಬೇರೆ. ವಿಕ್ಲೋ ಬೆಟ್ಟಗಳ ಕಡೆ ಅದು ‘ಫ್ರಾಹನ್’; ಐರಿಷ್ ಭಾಷೆಯ ಹೆಸರೇ ಇಂಗ್ಲಿಷಿಗೆ ಬಂದದ್ದು. ಕಾರ್ಕ್, ವಾಟರ್‌ಫರ್ಡ್ ಕಡೆ ‘ಹರ್ಟ್ಸ್’ ಇಲ್ಲವೇ ‘ವರ್ಟ್ಸ್’, ಉತ್ತರದ ಅಲ್‌ಸ್ಟರ್‌ನಲ್ಲಿ ‘ಬ್ಲೇಬೆರಿ’. ಫ್ರಾಹನ್‌ಗೆ ಒಂದೇ ಕಾಗುಣಿತವೂ ಇಲ್ಲ, ಕಿವಿಗೆ ಕೇಳಿದಂತೆ ಬರೆದಿದ್ದಾರೆ. ತಾಣ ಒಪ್ಪುವುದಾದರೆ ಎಫ್-ಆರ್-ಎ ಬರೆದು, ನಡುವೆ ಯಾವ ಅಕ್ಷರವಿದ್ದರೂ ಸರಿ ಎನ್ನುವ ನಕ್ಷತ್ರ ಚಿಹ್ನೆ (*) ಇಟ್ಟು, ಎ-ಎನ್-ಎಸ್ ಎಂದು ಮುಗಿಸಿ. ಆಮೇಲೆ ಮೊದಲ ‘ಎ’ ಜಾಗದಲ್ಲಿ ‘ಓ’ ಹಾಕಿ ನೋಡಿ. ‘ಹರ್ಟ್ಸ್’ ಒಂದನ್ನೇ ಹಾಕಿದರೆ ಗಾಯ, ನೋವಿನ ಸುದ್ದಿಗಳು ರಾಶಿ ಬೀಳುತ್ತವೆ. ಜೊತೆಗೆ ‘ಬೆಟ್ಟ’ ಅಥವಾ ‘ಕೀಳುವುದು’ ಎಂಬರ್ಥದ ಇಂಗ್ಲಿಷ್ ಪದ ಸೇರಿಸಿ.

ಇನ್ನೊಂದು ತೊಡಕು ಕಿರಿದಾದ ಕಾಲಂ. ಇನ್ನೊಂದು ಕಾಡುಹಣ್ಣಾದ ಬ್ಲ್ಯಾಕ್‌ಬೆರಿಯ ಹೆಸರಿನಲ್ಲಿ ‘ಬ್ಲ್ಯಾಕ್’ ಒಂದು ಸಾಲಿನ ಕೊನೆಗೆ, ‘ಬೆರಿಸ್’ ಮುಂದಿನ ಸಾಲಿಗೆ ಒಡೆದುಹೋಗಿದ್ದರೆ ಪಠ್ಯ ಗುರುತಿಸುವ ಯಂತ್ರ ಎರಡನ್ನೂ ಬೇರೆ ಪದವೆಂದು ಓದಬಹುದು. ‘ಬೆರಿಸ್’ ಮಾತ್ರ ಹಾಕಿಯೂ ಒಮ್ಮೆ ಹುಡುಕಿ.

ಪದಕ್ಕಿಂತ ತಾರೀಖು ಹೆಚ್ಚು ಕೆಲಸ ಮಾಡುತ್ತದೆ. ಜುಲೈ ಕೊನೆಯ ಭಾನುವಾರ ಜನ ಬೆಟ್ಟ ಹತ್ತಿ ಈ ಹಣ್ಣು ಕೀಳುವ ರೂಢಿ ಹಲವೆಡೆ ಇತ್ತು. ‘ಫ್ರಾಹನ್ ಭಾನುವಾರ’ ಎಂದೇ ಅದರ ಹೆಸರು. 1860ರಲ್ಲಿ ಅದು ಜುಲೈ 29. ಶನಿವಾರದ ವಾರಪತ್ರಿಕೆಯಾದರೆ ಆಗಸ್ಟ್ 4ರ ಸಂಚಿಕೆಯನ್ನು ಪುಟಪುಟವಾಗಿ ಕಣ್ಣಲ್ಲೇ ಓದಿ. ಅಲ್ಲಿ ‘29 ಅಲ್ಟ್.’ ಎಂದಿದ್ದರೆ ಕಳೆದ ತಿಂಗಳ 29, ‘ಇನ್ಸ್ಟ್.’ ಎಂದರೆ ಅದೇ ತಿಂಗಳು. ಇದನ್ನು ತಪ್ಪಿ ಓದಿದರೆ ಹಣ್ಣಿನ ಕಾಲವೇ ಒಂದು ತಿಂಗಳು ಜರುಗುತ್ತದೆ.

ಪ್ರಶ್ನೆ: ಪತ್ರಿಕೆಯ ಯಾವ ಭಾಗದಲ್ಲಿ ನೋಡಬೇಕು?

ಉತ್ತರ: ಹಣ್ಣಿನ ಬಗ್ಗೆ ಬರೆಯದ ಭಾಗದಲ್ಲಿ! ಬಡವರ ಮಕ್ಕಳು ಬೇಲಿಯಂಚಿನಲ್ಲಿ ಬ್ಲ್ಯಾಕ್‌ಬೆರಿ ಕಿತ್ತರೆ ಅದು ಸುದ್ದಿಯಲ್ಲ. ಬೇಲಿ ದಾಟಿ ಕೇಸಾದರೆ ಸುದ್ದಿ. ಹಾಗಾಗಿ ಸ್ಥಳೀಯ ಮ್ಯಾಜಿಸ್ಟ್ರೇಟರ ‘ಪೆಟಿ ಸೆಷನ್ಸ್’ ವರದಿಗಳಲ್ಲಿ ಅತಿಕ್ರಮ ಪ್ರವೇಶದ ಪ್ರಕರಣ, ಅಕಾಲ ಮರಣದ ವಿಚಾರಣೆ, ವಿಷಹಣ್ಣು ತಿಂದ ಸುದ್ದಿ ಮೊದಲು ನೋಡಿ. ಡಿಸೆಂಬರ್, ಜನವರಿಯಲ್ಲಿ ‘ಈ ಸಲದ ಸೌಮ್ಯ ಹವೆ’ ಎಂಬಂಥ ತುಣುಕುಗಳೂ ಇರುತ್ತವೆ, ಕಾಡು ಸ್ಟ್ರಾಬೆರಿ ಚಳಿಗಾಲದಲ್ಲಿ ಹಣ್ಣಾಯಿತು ಎಂದು. ದಿನಸಿ ಜಾಹೀರಾತಿನ ಕ್ರ್ಯಾನ್‌ಬೆರಿಯನ್ನು ಮಾತ್ರ ಅಲ್ಲಿನ ಜೌಗುನೆಲದ ಹಣ್ಣೆಂದು ಒಮ್ಮೆಲೇ ನಂಬಬೇಡಿ, ಆಮದಾಗಿರಬಹುದು.

ಪ್ರಶ್ನೆ: 1855ರ ನಂತರ ಉಲ್ಲೇಖಗಳು ಒಮ್ಮೆಲೇ ಏರುತ್ತವೆ. ಜನ ಹೆಚ್ಚು ಹಣ್ಣು ಕೀಳತೊಡಗಿದರೇ?

ಉತ್ತರ: ಹಾಗೆ ಹೇಳಲಾಗದು. ಜಾಹೀರಾತು ಸುಂಕ 1853ರಲ್ಲಿ, ಪತ್ರಿಕೆಗಳ ಕಡ್ಡಾಯ ಮುದ್ರಾಂಕ ಸುಂಕ 1855ರಲ್ಲಿ ರದ್ದಾದವು. ಪತ್ರಿಕೆಗಳು ಹೆಚ್ಚಿದವು, ತುಂಬಬೇಕಾದ ಕಾಲಂಗಳೂ ಹೆಚ್ಚಿದವು. ಜೊತೆಗೆ ಒಂದೇ ತುಣುಕನ್ನು ಒಬ್ಬರಿಂದೊಬ್ಬರು ಕತ್ತರಿಸಿ ಹಾಕಿಕೊಳ್ಳುತ್ತಿದ್ದರು. ಎಣಿಸುವಾಗ ಮೊದಲು ಅಚ್ಚಾದದ್ದನ್ನು ಮಾತ್ರ ಒಂದೆಂದು ಹಿಡಿಯಿರಿ, ಒಟ್ಟು ಲೆಕ್ಕವನ್ನು ಆ ವರ್ಷ ಸಂಗ್ರಹದಲ್ಲಿರುವ ಸಂಚಿಕೆಗಳ ಸಂಖ್ಯೆಯಿಂದ ಭಾಗಿಸಿ.